ಮುಂಬಯಿ ಮುನಿಸಿಪಾಲಿಟಿಯ ಹಳೇ ವರದಿಗಳನ್ನು ಓದೋದು ಹೇಗೆ

ಕರಾವಳಿಯ ಒಂದು ಪುರಸಭೆಯ ಕಂದಾಯ ಶಾಖೆಯಲ್ಲಿದ್ದು ನಿವೃತ್ತಳಾದವಳು ನಾನು. ಈಗ ಹವ್ಯಾಸಕ್ಕೆ ಮುಂಬಯಿ ಮುನಿಸಿಪಾಲಿಟಿಯ 1870ರಿಂದ 1900ರವರೆಗಿನ ವರದಿಗಳನ್ನು ಓದುತ್ತೇನೆ. ಇದು ಗೊತ್ತಾದ ಮೇಲೆ ನೆಂಟರು, ಪರಿಚಯದವರು ಕೇಳೋದು ಒಂದೇ ಪ್ರಶ್ನೆ: "ನಮ್ಮ ಮುತ್ತಜ್ಜ ಪತ್ತೇಮಾರಿ ಹಾಯಿಹಡಗು ಹತ್ತಿ ಮುಂಬಯಿಗೆ ಹೋಗಿದ್ದರಂತೆ, ಅವರ ಹೆಸರು ಎಲ್ಲಾದರೂ ಸಿಗುತ್ತಾ ಅಕ್ಕಾ?" ಹೆಸರು ಸಿಗೋದು ಕಷ್ಟ. ಆದರೆ ಅವರಿದ್ದ ಪೇಟೆಗೆ ನೀರಿನ ನಳ ಯಾವಾಗ ಬಂತು, ಗಟಾರ ಇತ್ತೋ ಇಲ್ಲವೋ, ಪ್ಲೇಗಿನ ವರ್ಷ ಎಷ್ಟು ಜನ ಸತ್ತರು, ಇದೆಲ್ಲ ಸಿಗುತ್ತದೆ. ಹುಡುಕುವ ಕ್ರಮ ಗೊತ್ತಿರಬೇಕು ಅಷ್ಟೆ. ಅದಕ್ಕೆ ಇತಿಹಾಸದ ಡಿಗ್ರಿ ಬೇಡ. ಮನೆ ಕರ ಕಟ್ಟಿ, ರಸೀದಿಯಲ್ಲಿ ತಪ್ಪಿದೆ ಅಂತ ಪುರಸಭೆಗೆ ಅಲೆದವರಿಗೆ ಅರ್ಧ ವಿದ್ಯೆ ಆಗಲೇ ಬಂದಿರುತ್ತದೆ.

ನಮ್ಮ ಕಡೆಯವರಿಗೆ ಈ ಊರಿನ ನಂಟು ಸುಮ್ನೆ ಹುಟ್ಟಿದ್ದಲ್ಲ. ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಬಂತು. ಧಾರವಾಡ, ಬೆಳಗಾವಿ ಮೊದಲೇ ಅಲ್ಲಿದ್ದವು. ಧಾರವಾಡದ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ ಬಂದು, ಅಲ್ಲಿಂದ ಮುಂಬಯಿಗೆ ಹೋಗುತ್ತಿತ್ತು. ಮುಂಬಯಿ ಪೇಟೆಯಲ್ಲಿ ಆ ಹತ್ತಿಗೆ ಕುಮಟಾ ಅಂತಲೇ ಹೆಸರು. ಹತ್ತಿ ಹೋದ ದಾರಿಯಲ್ಲಿ ಜನವೂ ಹೋದರು.

ಮೊದಲು ವರ್ಷ, ಆಮೇಲೆ ವಾರ್ಡು

"ಹಳೇ ಮುಂಬಯಿ ಬಗ್ಗೆ ಓದಬೇಕು" ಅಂತ ಕೂತರೆ ಏನೂ ಆಗೋದಿಲ್ಲ. ಒಂದು ವರ್ಷ, ಒಂದು ಪೇಟೆ ಆರಿಸಿಕೊಳ್ಳಿ. ವರ್ಷ ಆರಿಸುವಾಗ ಮೂರು ಇಸವಿ ತಲೆಯಲ್ಲಿರಲಿ: 1865, 1872, 1888. ಮೂರೂ ಕಾಯ್ದೆಯ ವರ್ಷಗಳು. ನೀವು ಓದುವ ಕಾಗದದಲ್ಲಿ ಅಧಿಕಾರ ಯಾರ ಕೈಯಲ್ಲಿತ್ತು ಅನ್ನೋದು ಇವುಗಳ ಮೇಲೆ ನಿಂತಿದೆ.

1865ರ ಕಾಯ್ದೆ ಬಂದಾಗ ಆಡಳಿತ ನಡೆಸುವ ಅಧಿಕಾರವೆಲ್ಲ ಕಮಿಷನರ್ ಕೈಗೆ ಬಂತು. ಮೊದಲ ಕಮಿಷನರ್ ಆರ್ಥರ್ ಕ್ರಾಫರ್ಡ್. ಮನುಷ್ಯ ಕೆಲಸಗಾರ, ಆದರೆ ಕೈ ಬಲು ದೊಡ್ಡದು. ಅವನ ಹೆಸರಿನ ಮಾರ್ಕೆಟ್ 1869ರಲ್ಲಿ ತೆರೆಯಿತು, ಇವತ್ತಿಗೂ ಇದೆ. ಖರ್ಚು ಮಿತಿ ಮೀರಿ 1871ರಲ್ಲಿ ಕರ ಕಟ್ಟುವವರು ಗಲಾಟೆ ಎಬ್ಬಿಸಿದರು. ಅದರ ಫಲವೇ 1872ರ ಕಾಯ್ದೆ. 64 ಸದಸ್ಯರ ಕಾರ್ಪೊರೇಷನ್, ಅದರಲ್ಲಿ ಅರ್ಧ ಜನ ಕರ ಕಟ್ಟುವವರಿಂದ ಆರಿಸಿ ಬರಬೇಕು. 1888ರ ಕಾಯ್ದೆಯಲ್ಲಿ ಸದಸ್ಯರು 72 ಆದರು. 36 ಮಂದಿ ವಾರ್ಡುಗಳಿಂದ, 16 ಮಂದಿ ಜಸ್ಟಿಸ್ ಆಫ್ ದಿ ಪೀಸ್‌ಗಳಿಂದ (ಸರ್ಕಾರ ನೇಮಿಸಿದ ಗೌರವ ಮ್ಯಾಜಿಸ್ಟ್ರೇಟರು), 16 ಸರ್ಕಾರದ ನೇಮಕ, ಯೂನಿವರ್ಸಿಟಿಯಿಂದ ಇಬ್ಬರು, ಚೇಂಬರ್ ಆಫ್ ಕಾಮರ್ಸ್‌ನಿಂದ ಇಬ್ಬರು.

ಇಲ್ಲೇ ಮುತ್ತಜ್ಜನ ಹೆಸರಿನ ಆಸೆ ಬಿಟ್ಟುಬಿಡಿ. 1872ರ ಲೆಕ್ಕದಲ್ಲಿ ವರ್ಷಕ್ಕೆ 50 ರೂಪಾಯಿ ಕರ ಕಟ್ಟಿದವರಿಗಷ್ಟೇ ವೋಟು. ಚಾಳಿನ (ಸಾಲು ಕೋಣೆಗಳ ಬಾಡಿಗೆ ಕಟ್ಟಡದ) ಒಂದು ಖೋಲಿಯಲ್ಲಿ ನಾಲ್ಕು ಜನರ ಜೊತೆ ಇದ್ದವನಿಗೆ ಎಲ್ಲಿಯ ವೋಟು? ಪಟ್ಟಿಯಲ್ಲಿ ಇರೋದು ಚಾಳಿನ ಮಾಲೀಕನ ಹೆಸರು.

ಆಮೇಲೆ ವಾರ್ಡು. ಎ ಅಂದರೆ ಕೊಲಾಬಾ, ಕೋಟೆ. ಬಿ ಅಂದರೆ ಮಾಂಡ್ವಿ, ಡೋಂಗ್ರಿ, ಉಮರ್‌ಖಾಡಿ. ಸಿ ಅಂದರೆ ಧೋಬಿ ತಲಾವ್, ಭುಲೇಶ್ವರ, ಕುಂಬಾರವಾಡ. ಡಿ ಅಂದರೆ ಗಿರ್ಗಾಂವ್, ಖೇತ್‌ವಾಡಿ, ವಾಲ್ಕೇಶ್ವರ. ಇ ಅಂದರೆ ಮಝಗಾಂವ್, ಭಾಯಖಳಾ, ಕಾಮಾಠಿಪುರ. ಎಫ್ ಮತ್ತು ಜಿ ಉತ್ತರದ ಪರೇಲ್, ಶೀವ್ (ಸಯನ್), ಮಾಹಿಮ್, ವರ್ಲಿ ಕಡೆ. ವಾರ್ಡಿನೊಳಗೆ ಸೆಕ್ಷನ್ ಅಂತ ಚಿಕ್ಕ ಭಾಗಗಳಿವೆ. ಸಾವಿನ ತಖ್ತೆಗಳು, ಅಂದರೆ ಅಂಕಿಗಳ ಪಟ್ಟಿಗಳು, ಸೆಕ್ಷನ್ ಪ್ರಕಾರ ಇರುತ್ತವೆ. ಹಾಗಾಗಿ ನಿಮಗೆ ಬೇಕಾದ ಗಲ್ಲಿ ಯಾವ ಸೆಕ್ಷನ್ನಿನದು ಅಂತ ಮೊದಲೇ ಗೊತ್ತುಮಾಡಿಕೊಳ್ಳಿ.

ರಸ್ತೆಯ ಹೆಸರುಗಳು ಬದಲಾಗಿವೆ. ವರದಿಯಲ್ಲಿ ಹಾರ್ನ್‌ಬಿ ರೋಡ್ ಅಂದರೆ ಈಗಿನ ದಾದಾಭಾಯಿ ನವರೋಜಿ ರಸ್ತೆ. ಎಸ್‌ಪ್ಲನೇಡ್ ರೋಡ್ ಮಹಾತ್ಮ ಗಾಂಧಿ ರಸ್ತೆ ಆಯಿತು, ಕಾರ್ನಾಕ್ ರೋಡ್ ಲೋಕಮಾನ್ಯ ತಿಲಕ ಮಾರ್ಗ, ಆರ್ಥರ್ ರೋಡ್ ಸಾನೇ ಗುರೂಜಿ ಮಾರ್ಗ, ಕ್ವೀನ್ಸ್ ರೋಡ್ ಮಹರ್ಷಿ ಕರ್ವೆ ರಸ್ತೆ. ಪೇಟೆ ಹೆಸರಿನ ಸ್ಪೆಲಿಂಗ್ ಒಂದೊಂದು ಗುಮಾಸ್ತನ ಕೈಯಲ್ಲಿ ಒಂದೊಂದು ರೀತಿ. ಕಂಪ್ಯೂಟರಿನಲ್ಲಿ ಹುಡುಕುವಾಗ ಇದು ಭಾರಿ ಕಾಟ ಕೊಡುತ್ತದೆ. ಗಿರ್ಗಾಂವ್ ಅಂತ ಹುಡುಕಿ ಸಿಗದಿದ್ದರೆ ಕೊನೆಯ ಅಕ್ಷರ ಬಿಟ್ಟು, ಸೇರಿಸಿ, ಬದಲಿಸಿ ಹುಡುಕಿ.

ಒಂದು ದೂರು ಯಾವ ದಾರಿ ಹಿಡಿಯುತ್ತದೆ

ಕಡತ ಓದಬೇಕಾದರೆ ಕಡತದ ನಡಿಗೆ ಗೊತ್ತಿರಬೇಕು. ಮಾಂಡ್ವಿಯ ಒಂದು ಗಲ್ಲಿ ನಾರುತ್ತಿದೆ ಅಂತಿಟ್ಟುಕೊಳ್ಳಿ. ಹೆಲ್ತ್ ಆಫೀಸರ್ ಕಮಿಷನರಿಗೆ ಬರೆಯುತ್ತಾನೆ. ಕಮಿಷನರ್ ಅದನ್ನು ಎಕ್ಸಿಕ್ಯುಟಿವ್ ಎಂಜಿನಿಯರಿಗೆ ಕಳಿಸಿ ಅಂದಾಜು ಪಟ್ಟಿ ತರಿಸುತ್ತಾನೆ. ದೊಡ್ಡ ಮೊತ್ತದ ಗುತ್ತಿಗೆಯಾದರೆ ಸ್ಟ್ಯಾಂಡಿಂಗ್ ಕಮಿಟಿಯ ಒಪ್ಪಿಗೆ ಬೇಕು. ಹನ್ನೆರಡು ಜನರ ಕಮಿಟಿ ಅದು. 1888ಕ್ಕೆ ಮುಂಚಿನ ಕಾಗದಗಳಲ್ಲಿ ಇದನ್ನೇ ಟೌನ್ ಕೌನ್ಸಿಲ್ ಅಂತ ಕರೆದಿರುತ್ತಾರೆ, ಬೇರೆ ಏನೋ ಅಂದುಕೊಳ್ಳಬೇಡಿ. ಬಜೆಟ್ಟಿನಲ್ಲಿ ದುಡ್ಡು ಇಲ್ಲದಿದ್ದರೆ ಕಾರ್ಪೊರೇಷನ್ ಸಭೆಗೆ ಹೋಗುತ್ತದೆ. ಅಲ್ಲಿ ಠರಾವು ಆಗುತ್ತದೆ.

ಹಾಗಾಗಿ ಒಂದೇ ವರ್ಷದ ಸಂಪುಟ ಓದಿ ತೀರ್ಮಾನಕ್ಕೆ ಬರಬೇಡಿ. ಕನಿಷ್ಠ ಮೂರು ವರ್ಷದ್ದು ಒಟ್ಟಿಗೆ ಇಟ್ಟುಕೊಳ್ಳಿ. ಮೊದಲನೇ ವರ್ಷ ಹೆಲ್ತ್ ಆಫೀಸರ್ ಬೈದಿರುತ್ತಾನೆ. ಎರಡನೇ ವರ್ಷ ಎಂಜಿನಿಯರ್ ಅಂದಾಜು ಕೊಟ್ಟಿರುತ್ತಾನೆ. ಮೂರನೇ ವರ್ಷ ಕೆಲಸ ಮುಗಿದವುಗಳ ಪಟ್ಟಿಯಲ್ಲಿ ಆ ಗಲ್ಲಿ ಇದ್ದರೆ ಸರಿ. ಇಲ್ಲದಿದ್ದರೆ ಹೆಲ್ತ್ ಆಫೀಸರ್ ಮತ್ತೆ ಅದೇ ಮಾತು ಬರೆದಿರುತ್ತಾನೆ, ಸ್ವಲ್ಪ ಜಾಸ್ತಿ ಸಿಟ್ಟಿನಲ್ಲಿ. "ಪತ್ರವನ್ನು ದಾಖಲಿಸಲಾಯಿತು" ಅಂತಷ್ಟೇ ನಡವಳಿಯಲ್ಲಿದ್ದರೆ ಅಲ್ಲಿಗೆ ಅದರ ಕಥೆ ಮುಗಿಯಿತು. ನಾನಿದ್ದ ಕಚೇರಿಯಲ್ಲೂ ಹಾಗೇ ಬರೆಯುತ್ತಿದ್ದರು. ನೂರು ವರ್ಷ ಆದರೂ ಈ ಚಾಳಿ ಹೋಗಿಲ್ಲ.

ಸಭೆಯ ಭಾಷಣಗಳಿಗೆ ಮರುಳಾಗಬೇಡಿ. ವಕೀಲರೂ ಕಾಂಗ್ರೆಸ್ ನಾಯಕರೂ ಆಗಿದ್ದ ಫಿರೋಜ್‌ಶಾ ಮೆಹ್ತಾ ಅವರಂಥವರು ಇದ್ದ ಸಭೆ ಅದು. 1888ರ ಕಾಯ್ದೆ ರೂಪಿಸುವುದರಲ್ಲಿ ಅವರದೇ ದೊಡ್ಡ ಕೈ. ಅವರ ಮಾತು ಓದಲು ಸೊಗಸು, ಕೂತರೆ ಏಳೋದಿಲ್ಲ. ಆದರೆ ಮಾಂಡ್ವಿಯ ಗಟಾರ ಆಯಿತೋ ಇಲ್ಲವೋ ಅಂತ ಭಾಷಣದಿಂದ ಗೊತ್ತಾಗೋದಿಲ್ಲ. ಅದಕ್ಕೆ ವರದಿಯ ಹಿಂಭಾಗಕ್ಕೆ ಹೋಗಬೇಕು. ನಾನು ಯಾವತ್ತೂ ಹಿಂದಿನಿಂದಲೇ ಓದೋದು. ಮುಂದಿನ ಪುಟಗಳಲ್ಲಿ ಕಮಿಷನರ್ ತನಗೆ ಬೇಕಾದ ಹಾಗೆ ಹೇಳಿಕೊಂಡಿರುತ್ತಾನೆ. ಹಿಂದಿನ ತಖ್ತೆಗಳಲ್ಲಿ ಅಂಕಿ ಸಂಖ್ಯೆ ಬೇರೆಯೇ ಹೇಳುತ್ತಿರುತ್ತದೆ.

ಕರದ ಪುಟ

ನನ್ನ ಪ್ರೀತಿಯ ಪುಟ ಇದು. ಬೇರೆಯವರು ಇದನ್ನು ಹಾರಿಸಿಬಿಡುತ್ತಾರೆ. ಪುರಸಭೆಯಲ್ಲಿ ನಾವು ಡಿಸಿಬಿ ಅಂತಿದ್ದೆವು: ಬೇಡಿಕೆ, ವಸೂಲಿ, ಬಾಕಿ. ಅದೇ ಮೂರು ಕಾಲಮ್ಮು ಇಲ್ಲಿಯೂ ಇವೆ. ಬಾಕಿ ಎಲ್ಲಿ ಉಬ್ಬಿದೆಯೋ ಅಲ್ಲಿ ಏನೋ ನಡೆದಿದೆ ಅಂತ ಅರ್ಥ.

1888ರ ಕಾಯ್ದೆ ಪ್ರಕಾರ ಮನೆಯ ಮೇಲೆ ಬೀಳುವ ಕರಗಳು ಮುಖ್ಯವಾಗಿ ಮೂರು. ಸಾಮಾನ್ಯ ಕರ, ನೀರಿನ ಕರ, ಹಲಾಲ್‌ಖೋರ್ ಕರ (ಸಂಡಾಸು ಬಳಿಯುವವರ ಕೂಲಿಗೆ). ಸಾಮಾನ್ಯ ಕರದ ಜೊತೆಗೇ ಅಗ್ನಿಶಾಮಕ ದಳದ ಖರ್ಚಿಗೆ ಅಂತ ಒಂದು ಸಣ್ಣ ಪಾಲು ಸೇರಿಸುತ್ತಿದ್ದರು. ಎಲ್ಲದಕ್ಕೂ ತಳಪಾಯ ಬಾಡಿಗೆ. ವರ್ಷಕ್ಕೆ ಬರಬಹುದಾದ ಬಾಡಿಗೆಯಲ್ಲಿ ನೂರಕ್ಕೆ ಹತ್ತನ್ನು ರಿಪೇರಿ ಬಾಬ್ತು ಕಳೆದು, ಉಳಿದದ್ದರ ಮೇಲೆ ಶೇಕಡಾ ಇಷ್ಟು ಅಂತ ಕರ. ಒಂದು ಲೆಕ್ಕ ಹಾಕಿ ನೋಡೋಣ. ಇಪ್ಪತ್ತು ಖೋಲಿಗಳ ಚಾಳು, ಖೋಲಿಗೆ ತಿಂಗಳಿಗೆ 3 ರೂಪಾಯಿ ಅಂತ ಹಿಡಿಯಿರಿ. ವರ್ಷಕ್ಕೆ 720. ಹತ್ತರ ಪಾಲು 72 ಕಳೆದರೆ 648. ಈ 648ರ ಮೇಲೆ ಕರ. ಇದನ್ನೇ ತಿರುಗಿಸಿದರೆ ಇನ್ನೂ ಮಜಾ. ತಖ್ತೆಯಲ್ಲಿ ಒಂದು ವಾರ್ಡಿನ ಕರ ಹಾಕುವ ಮೌಲ್ಯ (ಹತ್ತರ ಪಾಲು ಕಳೆದ ಮೇಲಿನದು) ಸಿಕ್ಕರೆ 90ರಿಂದ ಭಾಗಿಸಿ 100ರಿಂದ ಗುಣಿಸಿ. ಆ ವಾರ್ಡಿನ ಬಾಡಿಗೆ ಎಷ್ಟು ಅಂತ ಮುನಿಸಿಪಾಲಿಟಿ ಹಿಡಿದಿತ್ತೋ ಅದು ಕೈಗೆ ಬರುತ್ತದೆ.

ದುಡ್ಡಿನ ಲೆಕ್ಕ ರೂಪಾಯಿ, ಆಣೆ, ಪೈ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. 3-8-6 ಅಂತಿದ್ದರೆ ಮೂರು ರೂಪಾಯಿ ಎಂಟಾಣೆ ಆರು ಪೈ. ಕೂಡುವಾಗ ಬಲಗಡೆಯಿಂದ 12ಕ್ಕೊಮ್ಮೆ, ಆಮೇಲೆ 16ಕ್ಕೊಮ್ಮೆ ದಶಕ ಒಯ್ಯಬೇಕು. ಎಕ್ಸೆಲ್‌ನಲ್ಲಿ ಹಾಕೋದಾದರೆ ಮೂರಕ್ಕೂ ಬೇರೆ ಬೇರೆ ಕಾಲಮ್ ಮಾಡಿ.

ಖಾಲಿ ಬಿದ್ದ ಮನೆಗೆ ಕಟ್ಟಿದ ಕರ ವಾಪಸ್ ಕೇಳಲು ಕಾಯ್ದೆಯಲ್ಲೇ ಅವಕಾಶ ಇತ್ತು. ಪ್ಲೇಗಿನ ವರ್ಷಗಳಲ್ಲಿ ಆ ಬಾಬ್ತು ಮರೆಯದೆ ನೋಡಿ. ಜನ ಯಾವ ಪೇಟೆ ಬಿಟ್ಟು ಓಡಿದರು ಅಂತ ಭಾಷಣಕ್ಕಿಂತ ಚೆನ್ನಾಗಿ ಅದು ಹೇಳುತ್ತದೆ.

ಹಲಾಲ್‌ಖೋರ್ ಕರ ಅಂದರೇನು ಅಂತ ಸ್ವಲ್ಪ ನಿಂತು ಹೇಳಬೇಕು. ಹಳೇ ಪೇಟೆಯಲ್ಲಿ ಎರಡು ಮನೆಗಳ ಬೆನ್ನಿನ ನಡುವೆ ಒಬ್ಬ ಮನುಷ್ಯ ಅಡ್ಡಡ್ಡ ನುಗ್ಗುವಷ್ಟು ಸಂದು ಇರುತ್ತಿತ್ತು. ಅದಕ್ಕೆ ಹೌಸ್ ಗಲ್ಲಿ ಅನ್ನುತ್ತಿದ್ದರು. ಮೇಲಿನ ಮಹಡಿಗಳ ಸಂಡಾಸಿನಿಂದ ಕೊಳವೆ ಇಳಿದು ಕೆಳಗಿನ ಬುಟ್ಟಿಗೆ ಬೀಳುತ್ತಿತ್ತು. ಬಚ್ಚಲ ನೀರೂ ಅದೇ ಸಂದಿಗೆ. ಹಲಾಲ್‌ಖೋರರು ಅದರೊಳಗೆ ನುಗ್ಗಿ, ಬುಟ್ಟಿ ಎಳೆದು, ತಲೆಯ ಮೇಲೆ ಹೊತ್ತು ಒಯ್ಯಬೇಕು. ಗಂಡಸರೂ ಹೆಂಗಸರೂ ಈ ಕೆಲಸದಲ್ಲಿದ್ದರು. ಅವರ ಕೂಲಿಗೆ ಅಂತ ಎತ್ತುತ್ತಿದ್ದ ಕರ ಅದು. ಬೀದಿ ಗುಡಿಸಿ ಕಸ ಎತ್ತುವವರಿಗೆ ಬಿಗಾರಿಗಳು ಅಂತ ಬೇರೆ ಲೆಕ್ಕ. ವರದಿಯಲ್ಲಿ ಈ ಎರಡೂ ಗುಂಪು ಖರ್ಚಿನ ಸಾಲಾಗಿ ಮಾತ್ರ ಬರುತ್ತವೆ. ಹೆಸರಿಲ್ಲ, ತಲೆ ಎಣಿಕೆ ಮತ್ತು ಸಂಬಳ ಅಷ್ಟೆ. ಆದರೆ ಮುಷ್ಕರ ಹೂಡಿದಾಗ, ಊರು ಬಿಡುತ್ತೇವೆ ಅಂದಾಗ ಕಮಿಷನರ್ ಪುಟಗಟ್ಟಲೆ ಬರೆಯುತ್ತಾನೆ. 1896ರ ಅಕ್ಟೋಬರಿನಲ್ಲಿ ಹಾಗೇ ಆಯಿತು. ಪ್ಲೇಗ್ ರೋಗಿಗಳನ್ನು ಬಲವಂತವಾಗಿ ಆಸ್ಪತ್ರೆಗೆ ಒಯ್ಯುವ ಆದೇಶ ಹೊರಟಾಗ ಜನ ಹೆದರಿದರು. ಹಲಾಲ್‌ಖೋರರೂ ಬಿಗಾರಿಗಳೂ ಓಡಿಹೋದರೆ ಊರಿನಲ್ಲಿ ಇರೋಕೇ ಆಗೋದಿಲ್ಲ ಅಂತ ಅಧಿಕಾರಿಗಳಿಗೆ ದಿಗಿಲು ಬಿತ್ತು. ಅದೇ ತಿಂಗಳ ಕೊನೆಗೆ ಆದೇಶ ಸಡಿಲ ಮಾಡಿದರು. ವರ್ಷಪೂರ್ತಿ ಒಂದೇ ಒಂದು ಖರ್ಚಿನ ಸಾಲಾಗಿದ್ದವರು ಕಮಿಷನರನ್ನು ಬಗ್ಗಿಸಿದ್ದು ಇದು.

ನೀರು

ಇದು ಸುಲಭ, ಬೇಗ ಮುಗಿಸುತ್ತೇನೆ. ವಿಹಾರ್ ಕೆರೆ 1860, ತುಳಸಿ 1879, ತಾನ್ಸಾ 1892. ಲೆಕ್ಕ ಗ್ಯಾಲನ್ನಿನಲ್ಲಿ ಇರುತ್ತದೆ. ಒಂದು ಗ್ಯಾಲನ್ ಸುಮಾರು ನಾಲ್ಕೂವರೆ ಲೀಟರ್. ತಾನ್ಸಾದಿಂದ ಮೊದಲ ಹಂತದಲ್ಲಿ ದಿನಕ್ಕೆ 1.7 ಕೋಟಿ ಗ್ಯಾಲನ್, ಅಂದರೆ ಏಳೂಮುಕ್ಕಾಲು ಕೋಟಿ ಲೀಟರ್. ಕೆರೆ ಉದ್ಘಾಟನೆಯ ವರ್ಣನೆ ಓದಿ ಖುಷಿಪಡಿ, ಬೇಡ ಅನ್ನೋಲ್ಲ. ಆದರೆ ಜೊತೆಗೇ ಗಟಾರದ ವರದಿ ತೆಗೆಯಿರಿ. ನೀರು ಒಳಗೆ ಬರಲು ದಾರಿ ಆಯಿತು, ಹೊರಗೆ ಹೋಗಲು ಎಲ್ಲ ಕಡೆ ದಾರಿ ಇರಲಿಲ್ಲ. ಹಳೇ ಪೇಟೆಗಳಲ್ಲಿ ನೆಲ ಕುಡಿದು ಕುಡಿದು ಹಸಿಯಾಯಿತು ಅಂತ ಆ ಕಾಲದ ಆರೋಗ್ಯದವರೇ ದೂರಿದ್ದಾರೆ.

ಸಾವಿನ ತಖ್ತೆ

ಸಾವಿರಕ್ಕೆ ಇಷ್ಟು ಅಂತ ಕೊಟ್ಟಿರುವ ಪ್ರಮಾಣವನ್ನು ಹಾಗೇ ನಂಬಬೇಡಿ. ಭಾಗಿಸಿದ್ದು ಯಾವ ಜನಸಂಖ್ಯೆಯಿಂದ ಅಂತ ಮೊದಲು ನೋಡಿ. ಮುಂಬಯಿಯ ಜನ 1872ರಲ್ಲಿ 6,44,405, 1881ರಲ್ಲಿ 7,73,196, 1891ರಲ್ಲಿ 8,21,764. ನಡುವಿನ ವರ್ಷಗಳಿಗೆ ಹೆಚ್ಚಾಗಿ ಹಿಂದಿನ ಗಣತಿಯ ಅಂಕಿಯನ್ನೇ ಬಳಸುತ್ತಿದ್ದರು. ಪ್ಲೇಗ್ ಬಂದಾಗಲಂತೂ ಲಕ್ಷಗಟ್ಟಲೆ ಜನ ಊರು ಬಿಟ್ಟರು, ಅವರನ್ನೂ ಸೇರಿಸಿ ಭಾಗಿಸಿದರೆ ಏನು ಪ್ರಮಾಣ ಬರುತ್ತೆ ಹೇಳಿ? 1901ರ ಗಣತಿಯಲ್ಲಿ 7,76,006 ಅಂತ ಇಳಿದದ್ದು ಇದರಿಂದಲೇ.

1896ರ ಸೆಪ್ಟೆಂಬರಿನಲ್ಲಿ ಮಾಂಡ್ವಿಯಲ್ಲಿ ಪ್ಲೇಗ್ ಗುರುತಿಸಿದವರು ಡಾ. ಅಕಾಸಿಯೊ ವಿಯೇಗಸ್. ಅವರು ಕಾರ್ಪೊರೇಷನ್ ಸದಸ್ಯರೂ ಹೌದು, ಹಾಗಾಗಿ ಸುದ್ದಿ ನೇರವಾಗಿ ಸ್ಟ್ಯಾಂಡಿಂಗ್ ಕಮಿಟಿಗೇ ಹೋಯಿತು. ಮಾಂಡ್ವಿ ಧಕ್ಕೆಯ ಪಕ್ಕದ ಪೇಟೆ. ಪ್ರಿನ್ಸೆಸ್ ಡಾಕ್ 1880ರಲ್ಲಿ, ವಿಕ್ಟೋರಿಯಾ ಡಾಕ್ 1888ರಲ್ಲಿ ಆದ ಮೇಲೆ ಅಲ್ಲಿ ಧಾನ್ಯದ ವಖಾರಿಗಳು ತುಂಬಿಕೊಂಡಿದ್ದವು, ವಖಾರಿ ಮೇಲೆಯೇ ಜನರ ವಾಸ. ಇಲಿಗಳಿಗೆ ಇನ್ನೇನು ಬೇಕು.

ಈಗ ಮುಖ್ಯ ಕಿವಿಮಾತು. "ಪ್ಲೇಗ್" ಅಂತ ಬರೆದ ಕಾಲಮ್ ಮಾತ್ರ ಕೂಡಿಸಬೇಡಿ. ಪ್ಲೇಗ್ ಅಂದರೆ ಆಸ್ಪತ್ರೆಗೆ ಎಳೆದೊಯ್ಯುತ್ತಾರೆ, ಮನೆಯ ಸಾಮಾನು ಸುಡುತ್ತಾರೆ ಅಂತ ಮನೆಯವರು ಜ್ವರ ಅಂತ ಬರೆಸುತ್ತಿದ್ದರು. ಹಾಗಾಗಿ ಆ ವಾರದ ಒಟ್ಟು ಸಾವು ತಗೊಳ್ಳಿ. ಹಿಂದಿನ ಐದು ವರ್ಷಗಳ ಅದೇ ವಾರದ ಸರಾಸರಿ ಕಳೆಯಿರಿ. ಉಳಿದದ್ದು ನಿಜಕ್ಕೆ ಹತ್ತಿರ. ನಿಮ್ಮ ಸೆಕ್ಷನ್ನಿಗೆ ಇದನ್ನು ಮಾಡಿ ನೋಡಿ, ಜ್ವರದ ಕಾಲಮ್ ಹೇಗೆ ಏರಿದೆ ಅಂತ ಕಣ್ಣಿಗೇ ಕಾಣುತ್ತದೆ.

ಇನ್ನೊಂದು. 1897ರ ಮಾರ್ಚಿನಲ್ಲಿ ಸರ್ಕಾರ ಜನರಲ್ ಗ್ಯಾಟೇಕರ್ ಮುಂದಾಳತ್ವದಲ್ಲಿ ಬೇರೆಯೇ ಪ್ಲೇಗ್ ಕಮಿಟಿ ಮಾಡಿತು. ಅಲ್ಲಿಂದ ಮುಂದೆ ಪ್ಲೇಗಿನ ಕಾಗದಗಳು ಎರಡು ಕಡೆ ಹಂಚಿಹೋಗಿವೆ. ಮುನಿಸಿಪಾಲಿಟಿಯ ವರದಿಯಲ್ಲಿ ಏನೋ ತಪ್ಪಿಹೋಗಿದೆ ಅನ್ನಿಸಿದರೆ ಕಮಿಟಿಯ ವರದಿ ನೋಡಿ. 1898ರ ನಂತರ ಮನೆ ಕೆಡವಿದ್ದು, ರಸ್ತೆ ಅಗಲ ಮಾಡಿದ್ದು ಬೇಕಾದರೆ ಇಂಪ್ರೂವ್‌ಮೆಂಟ್ ಟ್ರಸ್ಟಿನ ವರದಿ. ಧಕ್ಕೆಯ ಜಾಗದ ವಿಷಯ ಆದರೆ 1873ರಿಂದಲೇ ಪೋರ್ಟ್ ಟ್ರಸ್ಟಿನದು ಬೇರೆ ದಫ್ತರ.

ಒಂದು ಕಟ್ಟಡವನ್ನೇ ಹುಡುಕುವುದಾದರೆ

ಮನೆಯಲ್ಲಿ ಹಳೇ ಕರಾರುಪತ್ರ ಏನಾದರೂ ಇದ್ದರೆ ಅದೃಷ್ಟ. ಮುಂಬಯಿಯ ಆಸ್ತಿ ಪತ್ರಗಳಲ್ಲಿ ಒಂದೇ ಕಟ್ಟಡಕ್ಕೆ ಸಾಲುಸಾಲು ನಂಬರ್ ಇರುತ್ತವೆ: ಕಲೆಕ್ಟರ್ ಹಳೇ ನಂಬರ್, ಕಲೆಕ್ಟರ್ ಹೊಸ ನಂಬರ್, ಲಾಫ್ಟನ್ ಸರ್ವೆ ನಂಬರ್, ಕ್ಯಾಡಸ್ಟ್ರಲ್ ಸರ್ವೆ ನಂಬರ್, ಕೊನೆಗೆ ಮುನಿಸಿಪಾಲಿಟಿಯ ವಾರ್ಡ್ ನಂಬರ್ ಮತ್ತು ಬೀದಿ ನಂಬರ್. ಈ ಕಾಲಕ್ಕೆ ನಿಮಗೆ ಬೇಕಾದವು ಲಾಫ್ಟನ್ ಮತ್ತು ವಾರ್ಡ್ ನಂಬರ್. ಲಾಫ್ಟನ್ ಅನ್ನುವ ಅಧಿಕಾರಿ 1865ರಿಂದ 1872ರವರೆಗೆ ಊರನ್ನೆಲ್ಲ ಅಳೆಸಿ ದೊಡ್ಡ ದೊಡ್ಡ ನಕ್ಷೆ ಮಾಡಿಸಿದ. ಆ ನಂಬರ್ ಸಿಕ್ಕರೆ ನಕ್ಷೆಯಲ್ಲಿ ಕಟ್ಟಡದ ಆಕಾರವೇ ಸಿಗಬಹುದು. ಕ್ಯಾಡಸ್ಟ್ರಲ್ ನಂಬರ್ ಆಮೇಲಿನ ಕಾಲದ್ದು, ಅದನ್ನು ಹಿಡಿದುಕೊಂಡು 1880ರಲ್ಲಿ ಹುಡುಕಿದರೆ ಏನೂ ಸಿಗೋದಿಲ್ಲ.

ಎಲ್ಲಿ, ಏನು ಒಯ್ಯಬೇಕು

ಅಚ್ಚಾದ ವಾರ್ಷಿಕ ವರದಿಗಳಲ್ಲಿ ಕೆಲವು ಸ್ಕ್ಯಾನ್ ಆಗಿ ಆನ್‌ಲೈನ್‌ನಲ್ಲೇ ಸಿಗುತ್ತವೆ. ಅವುಗಳಿಂದ ಶುರು ಮಾಡಿ. ಮುಂಬಯಿ ನಗರದ ಗ್ಯಾಜೆಟಿಯರ್ 1909ರಲ್ಲಿ ಬಂದದ್ದು, ಮೂರು ಸಂಪುಟ. ವಾರ್ಡು, ಸೆಕ್ಷನ್ನು, ಯಾವ ರಸ್ತೆ ಯಾವಾಗ ಆಯಿತು ಅನ್ನೋದಕ್ಕೆ ಅದನ್ನು ಪಕ್ಕದಲ್ಲಿಟ್ಟುಕೊಂಡರೆ ಅನುಕೂಲ. ಸರ್ಕಾರದ ಜೊತೆಗಿನ ಪತ್ರ ವ್ಯವಹಾರ ಬೇಕಾದರೆ ಕಾಲಾಘೋಡಾದ ಎಲ್ಫಿನ್‌ಸ್ಟನ್ ಕಾಲೇಜ್ ಕಟ್ಟಡದಲ್ಲಿರುವ ಮಹಾರಾಷ್ಟ್ರ ರಾಜ್ಯ ಪತ್ರಾಗಾರಕ್ಕೆ ಹೋಗಬೇಕು. ಗುರುತಿನ ಚೀಟಿ, ಫೋಟೋ, ಯಾಕೆ ನೋಡಬೇಕು ಅಂತ ಒಂದು ಅರ್ಜಿ ಬರೆದುಕೊಂಡೇ ಹೋಗಿ. "ಹಳೇ ಮುನಿಸಿಪಾಲಿಟಿ ಕಾಗದ ಕೊಡಿ" ಅಂದರೆ ಕೌಂಟರಿನಲ್ಲಿ ಯಾರಿಗೂ ಏನು ತರಬೇಕು ಅಂತ ತಿಳಿಯೋದಿಲ್ಲ. "ಜನರಲ್ ಡಿಪಾರ್ಟ್‌ಮೆಂಟ್, 1889, ಮುನಿಸಿಪಾಲಿಟಿ" ಹೀಗೆ ಇಲಾಖೆ, ವರ್ಷ, ವಿಷಯ ಹೇಳಿ. ನಮ್ಮ ಕಚೇರಿಗೂ ಹಾಗೆ ಕೇಳಿಕೊಂಡು ಬಂದವರಿಗೆ ಕಡತ ಬೇಗ ಸಿಗುತ್ತಿತ್ತು.

ಪೆನ್ಸಿಲ್ ಒಯ್ಯಿರಿ, ಪೆನ್ ಬೇಡ. ಕಾಗದ ಒಣಗಿದ ವೀಳ್ಯದೆಲೆಯ ಹಾಗೆ ಮುರಿಯುತ್ತದೆ, ಮಡಿಕೆ ಬಿಡಿಸುವಾಗ ಅಂಗೈ ಅಗಲವಾಗಿ ಇಟ್ಟು ನಿಧಾನ ಬಿಡಿಸಿ. ಫೋಟೋಗೆ ಅನುಮತಿ ಸಿಕ್ಕರೆ ಮೊದಲು ಸಂಪುಟದ ಬೆನ್ನು, ಆಮೇಲೆ ಮುಖಪುಟ, ಆಮೇಲೆ ನಿಮಗೆ ಬೇಕಾದ ಪುಟ ತೆಗೆಯಿರಿ. ತಖ್ತೆ ನಾಲ್ಕು ಪುಟ ಹಬ್ಬಿದ್ದರೆ ಕಾಲಮ್ಮುಗಳ ತಲೆಬರಹ ಮೊದಲ ಪುಟದಲ್ಲಿ ಮಾತ್ರ ಇರುತ್ತದೆ. ಅದನ್ನು ತೆಗೆಯದೆ ಬಂದರೆ ಮನೆಗೆ ಬಂದ ಮೇಲೆ ಏಳನೇ ಕಾಲಮ್ ಜ್ವರದ್ದೋ ಭೇದಿಯದ್ದೋ ಅಂತ ಯಾರನ್ನು ಕೇಳುತ್ತೀರಿ?